ಸ್ಟೋರ್‌ಕೀಪರ್: ಎರಡು ಸಾಲಗಳ ನಡುವೆ ಕೂತ ವ್ಯಾಪಾರಿ

19ನೇ ಶತಮಾನದ ಅಮೆರಿಕದ ಚರಿತ್ರೆ ಓದುವವರಿಗೆ ‘ಸ್ಟೋರ್‌ಕೀಪರ್’ ಅಥವಾ ‘ಕಂಟ್ರಿ ಮರ್ಚೆಂಟ್’ ಎಂಬ ಮಾತು ಪದೇ ಪದೇ ಎದುರಾಗುತ್ತದೆ. ಅಂಗಡಿಯವನು ಎಂದಷ್ಟೇ ಓದಿಕೊಂಡು ಮುಂದೆ ಹೋದರೆ ಅರ್ಧ ಅರ್ಥವೂ ದಕ್ಕದು. ಸಣ್ಣ ಊರಿನಲ್ಲಿ ಜನರಲ್ ಸ್ಟೋರ್ ಇಟ್ಟುಕೊಂಡಿದ್ದ ಈ ಮನುಷ್ಯ ಉಪ್ಪು, ಸಕ್ಕರೆ, ಕಾಕಂಬಿ, ಮೊಳೆ, ಬಟ್ಟೆ, ಮದ್ದುಗುಂಡು ಎಲ್ಲ ಮಾರುತ್ತಿದ್ದ, ನಿಜ. ಆದರೆ ಊರು ಅವನನ್ನು ನೆಚ್ಚಿಕೊಂಡಿದ್ದು ಉದ್ರಿಗಾಗಿ. ಹತ್ತಿರದಲ್ಲಿ ಬ್ಯಾಂಕಿಲ್ಲದ, ಕೈಯಲ್ಲಿ ನಗದು ಓಡಾಡದ ಊರಿಗೆ ಅವನೇ ಬ್ಯಾಂಕು.

ರೈತನಿಗೆ ದುಡ್ಡು ಕಾಣುತ್ತಿದ್ದುದು ಸುಗ್ಗಿಯಾದ ಮೇಲೆ. ಅಲ್ಲಿಯವರೆಗೆ ಬೇಕಾದದ್ದನ್ನೆಲ್ಲ ಅಂಗಡಿಯ ದಿನವಹಿಯಲ್ಲಿ ಬರೆಸಿ ಒಯ್ಯುತ್ತಿದ್ದ. ಆಮೇಲೆ ಅದು ಖಾತೆ ಪುಸ್ತಕಕ್ಕೆ ಏರುತ್ತಿತ್ತು. ಅಂಥ ಪುಸ್ತಕಗಳ ಜಮೆಯ ಕಡೆ ನೋಡಬೇಕು: ಬೆಣ್ಣೆ, ಮೊಟ್ಟೆ, ಜೇನುಮೇಣ, ಪ್ರಾಣಿಗಳ ಚರ್ಮ, ಕೆಲವೊಮ್ಮೆ ಸೌದೆ ಒಡೆದುಕೊಟ್ಟ ಕೂಲಿ. ಎಲ್ಲಕ್ಕೂ ಡಾಲರು-ಸೆಂಟುಗಳಲ್ಲಿ ಬೆಲೆ ಕಟ್ಟಿ ಬರೆದಿರುತ್ತಿದ್ದರು, ನೋಟು ಮಾತ್ರ ಕೈ ಬದಲಾಗುತ್ತಿರಲಿಲ್ಲ. ಹಾಗೆ ಬಂದ ಬೆಣ್ಣೆ, ಚರ್ಮಗಳನ್ನು ಪಟ್ಟಣಕ್ಕೆ ಸಾಗಿಸಿ ಮಾರುವ ಹೊಣೆಯೂ ಅಂಗಡಿಯವನದೇ.

ಅವನೂ ಸಾಲಗಾರನೇ. ರೈಲು ಬರುವ ಮುಂಚೆ ವರ್ಷಕ್ಕೆ ಒಂದೆರಡು ಸಲ ಫಿಲಡೆಲ್ಫಿಯಾ, ನ್ಯೂಯಾರ್ಕ್ ಅಥವಾ ಬಾಲ್ಟಿಮೋರ್‌ಗೆ ಹೋಗಿ, ಸಗಟು ವ್ಯಾಪಾರಿಗಳಿಂದ ಆರು ತಿಂಗಳ, ಕೆಲವೊಮ್ಮೆ ವರ್ಷದ ವಾಯಿದೆಗೆ ಸರಕು ತರುತ್ತಿದ್ದ. ಬೆಳೆ ಕೈಕೊಟ್ಟರೆ ಊರಿನ ಬಾಕಿ ವಸೂಲಾಗದು, ಪಟ್ಟಣದ ವಾಯಿದೆಯಂತೂ ನಿಲ್ಲದು. 1837, 1857, 1873ರ ಆರ್ಥಿಕ ಕುಸಿತಗಳಲ್ಲಿ ಇಂಥ ಅಂಗಡಿಗಳು ಒಂದರ ಹಿಂದೊಂದು ಮುಚ್ಚಿದ್ದಕ್ಕೆ ಈ ಸರಪಳಿಯೂ ಕಾರಣ.

ದೂರದ ಊರಿನ ಅಂಗಡಿಯವನನ್ನು ನಂಬುವುದು ಹೇಗೆ ಎಂಬುದು ಸಗಟು ವ್ಯಾಪಾರಿಗಳ ಚಿಂತೆ. 1837ರಲ್ಲಿ ಅಣ್ಣನ ರೇಷ್ಮೆ ವ್ಯಾಪಾರ ಕುಸಿದದ್ದನ್ನು ಒಳಗಿನಿಂದಲೇ ಕಂಡಿದ್ದ ಲೂಯಿಸ್ ಟ್ಯಾಪನ್ 1841ರಲ್ಲಿ ನ್ಯೂಯಾರ್ಕಿನಲ್ಲಿ ಮರ್ಕೆಂಟೈಲ್ ಏಜೆನ್ಸಿ ತೆರೆದ. ಊರೂರಿನ ವಕೀಲರು ಅವನಿಗೆ ವರದಿ ಬರೆಯುತ್ತಿದ್ದರು: ಈತ ಕುಡಿಯುತ್ತಾನೆಯೇ, ಮೈಮುರಿದು ದುಡಿಯುತ್ತಾನೆಯೇ, ಜಮೀನು ಇವನದೋ ಹೆಂಡತಿಯದೋ. ಮುಂದೆ ಆರ್. ಜಿ. ಡನ್ ಕಂಪನಿಯಾದ ಈ ಏಜೆನ್ಸಿಯ 2,500ಕ್ಕೂ ಹೆಚ್ಚು ಕೈಬರಹದ ಪುಸ್ತಕಗಳು ಇಂದು ಹಾರ್ವರ್ಡ್‌ನಲ್ಲಿವೆ. ಒಬ್ಬ ಸಣ್ಣ ವ್ಯಾಪಾರಿಯ ನಡತೆಯೇ ಅವನ ಬಂಡವಾಳವಾಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಅಂಗಡಿಯೊಳಗಿನ ಒಂದು ಗುಟ್ಟನ್ನೂ ಹೇಳಬೇಕು. ಸರಕಿನ ಅಸಲು ಬೆಲೆಯನ್ನು ಚೀಟಿಯ ಮೇಲೆ ಸಂಕೇತದಲ್ಲಿ ಬರೆಯುವ ರೂಢಿಯಿತ್ತು. ಒಂದಕ್ಷರವೂ ಮರುಕಳಿಸದ ಹತ್ತಕ್ಷರದ ಇಂಗ್ಲಿಷ್ ಪದವೊಂದನ್ನು ಆರಿಸಿಕೊಂಡು, ಮೊದಲಕ್ಷರ 1, ಎರಡನೆಯದು 2, ಕೊನೆಯದು ಸೊನ್ನೆ ಎಂದು ಇಟ್ಟುಕೊಳ್ಳುತ್ತಿದ್ದರು. ಉದಾಹರಣೆಗೆ ‘ರಿಪಬ್ಲಿಕನ್’ (REPUBLICAN) ಎಂಬ ಪದ ತೆಗೆದುಕೊಂಡರೆ ಅದರ ಏಳನೇ ಅಕ್ಷರ ‘ಐ’, ಐದನೆಯದು ‘ಬಿ’. ಚೀಟಿಯಲ್ಲಿ ‘ಐಬಿ’ ಎಂದಿದ್ದರೆ ಅಸಲು 75 ಸೆಂಟ್. ಚೌಕಾಸಿಗೆ ನಿಂತ ಗಿರಾಕಿಗೆ ಎಲ್ಲಿಯವರೆಗೆ ಇಳಿಸಬಹುದೆಂದು ಗುಮಾಸ್ತನಿಗೆ ಅದನ್ನು ನೋಡಿದೊಡನೆ ತಿಳಿಯುತ್ತಿತ್ತು.

ಈ ಬದುಕಿನ ಕಷ್ಟ ಉಂಡವರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬ. ಇಲಿನಾಯ್‌ನ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ವಿಲಿಯಂ ಬೆರಿ ಜೊತೆ ಪಾಲುಗಾರಿಕೆಯಲ್ಲಿ ಸಾಲ ಮಾಡಿ ಇಟ್ಟ ಅಂಗಡಿ ಬೇಗನೆ ಮುಳುಗಿತು. 1833ರಲ್ಲಿ ಸಿಕ್ಕ ಊರಿನ ಪೋಸ್ಟ್‌ಮಾಸ್ಟರ್ ಕೆಲಸ ಆಗ ಆಸರೆಯಾಯಿತು. ಆದರೂ ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಅವನ ಕುದುರೆಯನ್ನೂ ಜಮೀನು ಅಳೆಯುವ ಸಲಕರಣೆಗಳನ್ನೂ ಹರಾಜಿಗೆ ಹಾಕಿಸಿದರು. ಜೇಮ್ಸ್ ಶಾರ್ಟ್ ಎಂಬ ಗೆಳೆಯ ಅವನ್ನು ಕೊಂಡು ವಾಪಸು ಕೊಟ್ಟ. 1835ರಲ್ಲಿ ಬೆರಿ ತೀರಿಕೊಂಡ ಮೇಲೆ ಅವನ ಪಾಲಿನ ಸಾಲವನ್ನೂ ಲಿಂಕನ್ನನೇ ಹೊತ್ತ. ಒಟ್ಟು ಸುಮಾರು 1,100 ಡಾಲರಿನ ಆ ಹೊರೆಯನ್ನು ‘ರಾಷ್ಟ್ರೀಯ ಸಾಲ’ ಎಂದು ಕರೆಯುತ್ತಾ ವರ್ಷಗಟ್ಟಲೆ ತೀರಿಸಿದ.

ದಕ್ಷಿಣದ ರಾಜ್ಯಗಳಲ್ಲಿ ‘ಸ್ಟೋರ್‌ಕೀಪರ್’ ಎಂಬ ಪದಕ್ಕೆ ಕರಾಳ ಮುಖವೂ ಇದೆ. ಒಲೆಯ ಸುತ್ತ ಕೂತು ಹರಟುವ ಅಂಗಡಿಯ ಚಿತ್ರ ಬರೆಯುವವರು ಇದನ್ನು ಬಿಟ್ಟುಬಿಡುವುದು ಅನ್ಯಾಯ. 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರಿಗೂ ಬಡ ಬಿಳಿಯರಿಗೂ ಅಂಗಡಿಯವನು ಕೊಡುತ್ತಿದ್ದ ಉದ್ರಿಗೆ ಇನ್ನೂ ಬೆಳೆಯದ ಹತ್ತಿಯೇ ಒತ್ತೆ. ಇದೇ ‘ಕ್ರಾಪ್ ಲೀನ್’ ಪದ್ಧತಿ. ನಗದಿಗೊಂದು ಬೆಲೆ, ಉದ್ರಿಗೆ ಅದಕ್ಕಿಂತ ಬಹಳ ಹೆಚ್ಚಿನ ಬೆಲೆ. ಒಬ್ಬನಿಗೆ ಬೆಳೆ ಒತ್ತೆಯಿಟ್ಟವನಿಗೆ ಬೇರೆ ಅಂಗಡಿಯವನು ಉದ್ರಿ ಕೊಡುತ್ತಿರಲಿಲ್ಲ. ಹತ್ತಿಯ ಧಾರಣೆ ಇಳಿಯುತ್ತಾ ಹೋದಂತೆ ಸುಗ್ಗಿ ಮುಗಿದರೂ ಖಾತೆ ಚುಕ್ತಾ ಆಗದೆ, ಹಳೇ ಬಾಕಿಯೊಂದಿಗೇ ಮರುವರ್ಷದ ಬಿತ್ತನೆ ಶುರುವಾಗುತ್ತಿತ್ತು.

1872ರಲ್ಲಿ ಶಿಕಾಗೋದ ಮಾಂಟ್ಗಮರಿ ವಾರ್ಡ್ ಅಂಚೆಯ ಮೂಲಕ ಸರಕು ಮಾರಲು ಶುರುಮಾಡಿದ. ಸಿಯರ್ಸ್ ಆಮೇಲೆ ಬಂದ. 1896ರಿಂದ ಹಳ್ಳಿಯ ಮನೆಬಾಗಿಲಿಗೇ ಅಂಚೆ, 1913ರಿಂದ ಪಾರ್ಸೆಲ್ ಸೇವೆಯೂ ಬಂದವು. ಸ್ಟೋರ್‌ಕೀಪರುಗಳು ಇದನ್ನು ಬಲವಾಗಿ ವಿರೋಧಿಸಿದರು. ಎಷ್ಟೋ ಊರುಗಳಲ್ಲಿ ಅಂಚೆ ಕಚೇರಿ ಇದ್ದದ್ದು ಅವರ ಅಂಗಡಿಯ ಮೂಲೆಯಲ್ಲೇ ಆದ್ದರಿಂದ, ಎದುರಾಳಿಯ ಕ್ಯಾಟಲಾಗನ್ನು ಗಿರಾಕಿಯ ಕೈಗೆ ಕೊಡುವ ಕೆಲಸವೂ ಅವರ ಪಾಲಿಗೇ ಬಂದಿತ್ತು. ಆದರೆ ವಾರ್ಡ್‌ನ ಅಗ್ಗದ ಬೆಲೆ ನಗದಿಗೆ ಮಾತ್ರ. ಹಾಗಾಗಿ ಸುಗ್ಗಿಯ ದುಡ್ಡು ಕೈಯಲ್ಲಿದ್ದಾಗ ಶಿಕಾಗೋಗೆ ಆರ್ಡರ್ ಕಳಿಸುವ ರೈತನೂ, ಬರಿಗೈಯ ತಿಂಗಳುಗಳಲ್ಲಿ ಊರಿನ ಖಾತೆಯಲ್ಲೇ ಬರೆಸಬೇಕಾಗುತ್ತಿತ್ತು.