ಮೊದಲ ಟ್ರ್ಯಾಕ್ ಡೇಗೆ ಯಾವ ಲ್ಯಾಪ್ ಟೈಮರ್ ಕೊಳ್ಳಲಿ?

ಪ್ರಶ್ನೆ: ಮೈಸೂರಿನವನು. ನನ್ನ ಹತ್ತಿರ ಪೋಲೋ 1.0 ಟಿಎಸ್‌ಐ ಇದೆ, ಕಂಪನಿ ಬಿಟ್ಟ ಸ್ಥಿತಿಯಲ್ಲೇ ಇದೆ. ಗೆಳೆಯರ ಜೊತೆ ಟ್ರ್ಯಾಕ್ ಡೇಗೆ ಹೋಗಬೇಕೆಂದಿದ್ದೇನೆ. ಜಿಪಿಎಸ್ ಲ್ಯಾಪ್ ಟೈಮರ್ ಈಗಲೇ ಕೊಳ್ಳಬೇಕೇ? ಕೊಂಡರೆ ಯಾವುದು? ಅದರ ಗ್ರಾಫ್‌ಗಳಲ್ಲಿ ಏನು ನೋಡಬೇಕು ಅನ್ನುವುದೂ ಗೊತ್ತಿಲ್ಲ.

ಉತ್ತರ: ಮೊದಲ ಸಲಕ್ಕೆ ಟೈಮರ್ (ಒಂದೊಂದು ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಪೂರ್ತಿ ಸುತ್ತಿಗೆ, ಎಷ್ಟು ಸಮಯ ಹಿಡಿಯಿತೆಂದು ಅಳೆಯುವ ಯಂತ್ರ) ಬೇಡ. ಆ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಬ್ರೇಕ್ ಆಯಿಲ್ ಬದಲಿಸಲು, ಇನ್ನು ಸ್ವಲ್ಪವನ್ನು ಒಳ್ಳೆಯ ಹೆಲ್ಮೆಟ್ಟಿಗೆ ಹಾಕಿ. ಎರಡನೆಯ ಸಲ ಹೋಗುವ ಮನಸ್ಸಾದರೆ (ಆಗುತ್ತದೆ) ಆಗ ಫೋನಿಗೆ ಬ್ಲೂಟೂತಿನಲ್ಲಿ ಸೇರುವ ಒಂದು ಜಿಪಿಎಸ್ ರಿಸೀವರ್ ತಗೊಳ್ಳಿ. ಪ್ರಶ್ನೆಗೆ ನೇರ ಉತ್ತರ ಇಷ್ಟೇ. ಆದರೆ ನಿಮ್ಮ ಕೊನೆಯ ಸಾಲಿನ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು, ಅದಕ್ಕಾಗಿ ಸ್ವಲ್ಪ ಕೂತು ಮಾತಾಡೋಣ.

ಟ್ರ್ಯಾಕ್ ಡೇ ಅಂದರೆ ನಮ್ಮ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ, ರೇಸ್ ಅಲ್ಲ. ಬಹುಮಾನವಿಲ್ಲ, ಸಾಲಾಗಿ ನಿಂತು ಒಟ್ಟಿಗೆ ಹೊರಡುವ ಗ್ರಿಡ್ ಇಲ್ಲ. ಅನುಭವ ನೋಡಿ ಗುಂಪು ಮಾಡುತ್ತಾರೆ. ಒಂದೊಂದು ಗುಂಪಿಗೆ ಹದಿನೈದು ಇಪ್ಪತ್ತು ನಿಮಿಷದ ಸೆಷನ್, ನಡುವೆ ವಿರಾಮ. ಬೆಳಗ್ಗೆ ಬ್ರೀಫಿಂಗ್ ಇರುತ್ತದೆ. ಹಳದಿ, ಕೆಂಪು, ನೀಲಿ, ಕಪ್ಪು ಬಾವುಟಗಳ ಅರ್ಥವೇನು, ಎಲ್ಲಿ ಓವರ್‌ಟೇಕ್ ಮಾಡಬಹುದು ಎಂದೆಲ್ಲ ಹೇಳುತ್ತಾರೆ. ಹೊಸಬರ ಗುಂಪಿನಲ್ಲಿ ಸಾಮಾನ್ಯವಾಗಿ ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವರು ಕೈ ತೋರಿಸಿ ದಾರಿ ಬಿಟ್ಟ ಮೇಲೆ. ಬ್ರೀಫಿಂಗ್ ಹೊತ್ತಿಗೆ ಕಾಫಿ ಕುಡಿಯುತ್ತ ಆಚೆ ನಿಲ್ಲುವವರೇ ಆಮೇಲೆ ಟ್ರ್ಯಾಕಿನಲ್ಲಿ ಎಲ್ಲರಿಗೂ ತಲೆನೋವು.

ಬೆಂಗಳೂರಿನ ಮೆಕೊ ಕಾರ್ಟೋಪಿಯಾದಂಥ ಕಾರ್ಟಿಂಗ್ ಟ್ರ್ಯಾಕುಗಳನ್ನು ಬಿಟ್ಟರೆ ಅಂತರರಾಷ್ಟ್ರೀಯ ದರ್ಜೆಯ ಸರ್ಕ್ಯೂಟ್ ಕರ್ನಾಟಕದಲ್ಲಿಲ್ಲ. ಹಾಗಾಗಿ ನಮ್ಮವರ ದಾರಿ ತಮಿಳುನಾಡಿನ ಕಡೆಗೆ. ಬೆಂಗಳೂರಿನವರಿಗೆ ಸಲೀಸಾದದ್ದು ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 1990ರಿಂದ ಇರುವ ಟ್ರ್ಯಾಕ್, ಹಳಬರ ಬಾಯಲ್ಲಿ ಇನ್ನೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್). 3.717 ಕಿ.ಮೀ., ಹನ್ನೆರಡು ತಿರುವು. ಮೈಸೂರಿನಿಂದ ನಿಮಗೆ ಹತ್ತಿರವಾಗುವುದು ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ದಕ್ಷಿಣದ ಎಷ್ಟೋ ರೇಸರ್‌ಗಳಿಗೆ ಕಾರು ಕಟ್ಟಿಕೊಟ್ಟ ಎಸ್. ಕರಿವರ್ಧನ್ ಅವರ ಹೆಸರಿನದು, ಸುಮಾರು 2.1 ಕಿ.ಮೀ. ಚಿಕ್ಕ ಟ್ರ್ಯಾಕ್ ಎಂದು ಮೂಗು ಮುರಿಯಬೇಡಿ. ಅದೇ ತಿರುವು ಬೇಗ ಬೇಗ ಮತ್ತೆ ಸಿಗುವುದರಿಂದ ಕಲಿಯುವವರಿಗೆ ಅದೇ ಅನುಕೂಲ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನ ಕನಸನ್ನು ಆಮೇಲೆ ಕಾಣೋಣ. ಅಲ್ಲಿನ ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿಯ ಕೊನೆಯಲ್ಲಿ ನಿಮ್ಮ ಬ್ರೇಕುಗಳಿಗೆ ಬೀಳುವ ಹೊಡೆತ ಮೊದಲ ದಿನದ ಪಾಠವಲ್ಲ.

ಕಾರಿನ ವಿಷಯಕ್ಕೆ ಬಂದರೆ, ಎಂಜಿನ್ ಟ್ಯೂನಿಂಗ್ ಮಾತೇ ಬೇಡ. ಬ್ರೇಕ್ ನೋಡಿ. 140ರ ವೇಗದಿಂದ 80ಕ್ಕೆ ಒಂದು ಸಲ ಇಳಿಸಿದರೆ, ಊರಲ್ಲಿ 60ರಲ್ಲಿದ್ದ ಕಾರನ್ನು ಪೂರ್ತಿ ನಿಲ್ಲಿಸುವಾಗ ಹುಟ್ಟುವುದರ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಶಾಖ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅದಕ್ಕೇ. ಇದು ಒಂದು ಲ್ಯಾಪಿನಲ್ಲಿ ಹಲವು ಸಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು ಎಂಬುದು ಮಾನದಂಡ. ತೇವ ಹೀರಿದ್ದಕ್ಕೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಹೋಗುವ ವಾರ ಹೊಸ ಡಾಟ್ 4 ಅಥವಾ 5.1 ಹಾಕಿಸಿ, ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ. ಡ್ರೈವರ್ ಕಡೆಯ ಮ್ಯಾಟ್ ತೆಗೆಯಿರಿ, ಕಾರಿನೊಳಗಿನ ಬಾಟಲಿ, ಛತ್ರಿ, ದೇವರ ಮೂರ್ತಿ ಎಲ್ಲವೂ ಪ್ಯಾಡಕ್‌ನಲ್ಲೇ (ಸೆಷನ್‌ಗಳ ನಡುವೆ ಕಾರು ನಿಲ್ಲಿಸುವ ಜಾಗ) ಇರಲಿ. ಟೈರ್ ಬಿಸಿಯಾದಂತೆ ಗಾಳಿಯ ಒತ್ತಡ ಏರುತ್ತದೆ, ಸೆಷನ್ ಮುಗಿಸಿ ಬಂದ ಕೂಡಲೇ ಅಳೆದು ಬರೆದಿಟ್ಟುಕೊಳ್ಳಿ. ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ ಹೇಳಲೇಬೇಕು. ನಿಮ್ಮ ವಿಮಾ ಪಾಲಿಸಿ ತೆಗೆದು 'ಬಳಕೆಯ ಮಿತಿ' ಭಾಗ ಓದಿ. ನಮ್ಮ ದೇಶದ ಸಾಮಾನ್ಯ ಖಾಸಗಿ ಕಾರು ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇವನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ರಿಪೇರಿ ಖರ್ಚು ನಿಮ್ಮದೇ ಎಂದುಕೊಂಡೇ ಹೊರಡಿ. ಆ ಖರ್ಚು ತಾಳಿಕೊಳ್ಳಲಾಗದಿದ್ದರೆ ಕಾರ್ಟಿಂಗ್ ಟ್ರ್ಯಾಕಿನಿಂದಲೇ ಶುರುಮಾಡಿ, ಅದರಲ್ಲಿ ಅವಮಾನವೇನಿಲ್ಲ.

ಈಗ ಡೇಟಾ. ಫೋನಿನೊಳಗಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಸ್ಥಾನ ಹೇಳುತ್ತದೆ. ನೂರರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಅಂದರೆ ಎರಡು ಚುಕ್ಕೆಗಳ ನಡುವೆ ನೀವು ಬ್ರೇಕ್ ಒತ್ತಿ, ಗೇರ್ ಇಳಿಸಿ, ಸ್ಟೀರಿಂಗ್ ತಿರುಗಿಸಿ ಆಗಿರುತ್ತದೆ. 10 ಹರ್ಟ್ಸ್, ಅಂದರೆ ಸೆಕೆಂಡಿಗೆ ಹತ್ತು ಸಲ ಸ್ಥಾನ ಹೇಳುವ, ರಿಸೀವರ್ ಆದರೆ 2.8 ಮೀಟರಿಗೊಂದು ಚುಕ್ಕೆ, 25 ಹರ್ಟ್ಸ್ ಆದರೆ ಸುಮಾರು 1.1 ಮೀಟರಿಗೊಂದು. ರೇಸ್‌ಬಾಕ್ಸ್ ಮಿನಿ ಎಂಬ ರಿಸೀವರ್ 25 ಹರ್ಟ್ಸ್‌ನದು. ಇಂಥದ್ದರ ಜೊತೆಗೆ ರೇಸ್‌ಕ್ರೋನೋ ಅಥವಾ ಹ್ಯಾರೀಸ್ ಲ್ಯಾಪ್‌ಟೈಮರ್ ಆ್ಯಪ್ ಇದ್ದರೆ ನಮ್ಮಂಥ ಹವ್ಯಾಸಿಗಳಿಗೆ ಬೇಕಾದಷ್ಟಾಯಿತು. ಏಮ್ ಸೋಲೋ, ವಿಬಾಕ್ಸ್, ಗಾರ್ಮಿನ್ ಕ್ಯಾಟಲಿಸ್ಟ್ ಎಂಬ ದುಬಾರಿ ಟೈಮರ್‌ಗಳೆಲ್ಲವೂ ಒಳ್ಳೆಯವೇ. ಆದರೆ ವರ್ಷಕ್ಕೆ ಒಂದೆರಡು ಸಲ ಹೋಗುವವರು ಅಷ್ಟು ದುಡ್ಡು ಸುರಿಯುವುದು ನನಗಂತೂ ಒಪ್ಪಿಗೆಯಿಲ್ಲ. ಆ ದುಡ್ಡಿಗೆ ಇನ್ನೊಂದು ಟ್ರ್ಯಾಕ್ ಡೇ ಆಗುತ್ತದೆ.

ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಚುಚ್ಚುವ ಅಗ್ಗದ ಅಡಾಪ್ಟರ್ ಬಗ್ಗೆಯೂ ಕೇಳುತ್ತಾರೆ. ಆರ್‌ಪಿಎಂ, ಥ್ರಾಟಲ್ (ಆಕ್ಸಿಲರೇಟರ್) ಎಲ್ಲ ಬರುತ್ತದೆ, ಆದರೆ ತುಂಬ ನಿಧಾನ. ಬ್ರೇಕನ್ನು ಎಷ್ಟು ಒತ್ತಿದಿರಿ ಎಂಬುದು ಸಾಮಾನ್ಯ ಓಬಿಡಿ ಮಾಹಿತಿಯಲ್ಲಿ ಇರುವುದೇ ಇಲ್ಲ. ಸದ್ಯಕ್ಕೆ ಬಿಡಿ.

ಮೊದಲ ದಿನ ಬೇಕಿದ್ದರೆ ಫೋನಿನ ಆ್ಯಪ್ ಓಡಲಿ, ಆದರೆ ಪರದೆ ಆರಿಸಿಡಿ. ಓಡಿಸುವಾಗ ಅಂಕಿ ನೋಡಿದವರು ತಿರುವು ನೋಡುವುದಿಲ್ಲ. ಬ್ರಿಟನ್ನಿನ ಅನೇಕ ಟ್ರ್ಯಾಕ್ ಡೇಗಳಲ್ಲಿ ಲ್ಯಾಪ್ ಟೈಮಿಂಗನ್ನೇ ನಿಷೇಧಿಸಿದ್ದಾರೆ. ಅಲ್ಲಿರುವ ಕನ್ನಡಿಗರು ಯಂತ್ರ ಕಟ್ಟುವ ಮುಂಚೆ ಆಯೋಜಕರನ್ನು ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲಿ ಮುಖ್ಯವಾದದ್ದು ಫೋನಾಗಲಿ ರಿಸೀವರಾಗಲಿ ಭದ್ರವಾಗಿ ಕೂತಿರಬೇಕು. ಬಿಸಿಲಿಗೆ ಕಾದ ಗಾಜಿಗೆ ಅಂಟಿಸಿದ ರಬ್ಬರ್ ಮೌಂಟ್ ಮೂರನೆಯ ಲ್ಯಾಪಿಗೆ ಕಳಚಿ ಪೆಡಲ್ ಕೆಳಗೆ ಹೋಗುವಂತಿರಬಾರದು.

ಮನೆಗೆ ಬಂದು ಆ್ಯಪ್ ತೆರೆದರೆ ದೊಡ್ಡ ಅಕ್ಷರದಲ್ಲಿ ಕಾಣುವುದು ಲ್ಯಾಪ್ ಟೈಮ್. ಅಲ್ಲಿರುವ ಅಂಕಿಗಳಲ್ಲೆಲ್ಲ ಕಡಿಮೆ ಉಪಯೋಗದ್ದು ಅದೇ. ಎರಡು ಸೆಕೆಂಡ್ ಕಡಿಮೆಯಾಯಿತು ಎಂದು ಹೇಳುತ್ತದೆಯೇ ಹೊರತು ಎಲ್ಲಿ ಕಡಿಮೆಯಾಯಿತು ಎಂದು ಹೇಳುವುದಿಲ್ಲ. ನಿಮ್ಮ ಅತಿ ವೇಗದ ಲ್ಯಾಪ್ ಒಂದನ್ನೂ ಸಾಧಾರಣವಾದ ಇನ್ನೊಂದನ್ನೂ ಆರಿಸಿ, ವೇಗದ ಗೆರೆಗಳನ್ನು ಒಂದರ ಮೇಲೊಂದು ಇಡಿ. ಅಡ್ಡ ಅಕ್ಷದಲ್ಲಿ ಸಮಯದ ಬದಲು ದೂರ ಇರಲಿ. ಆಗ ಎರಡು ಲ್ಯಾಪಿನ ಅದೇ ತಿರುವು ಅದೇ ಜಾಗದಲ್ಲಿ ಕೂರುತ್ತದೆ. ಜೊತೆಗೆ ಡೆಲ್ಟಾ ಗೆರೆ ತೆರೆಯಿರಿ. ಒಂದು ಲ್ಯಾಪ್ ಇನ್ನೊಂದಕ್ಕಿಂತ ಎಷ್ಟು ಹಿಂದೆ ಬಿತ್ತು ಎಂಬುದನ್ನು ಟ್ರ್ಯಾಕಿನುದ್ದಕ್ಕೂ ತೋರಿಸುವ ಗೆರೆ ಅದು. ಎಲ್ಲಿ ಆ ಗೆರೆ ಕಡಿದಾಗಿ ಏರುತ್ತದೋ ಅಲ್ಲಿ ಮಾತ್ರ ನಿಮ್ಮ ಗಮನ ಸಾಕು.

ಅಲ್ಲಿ ನೋಡಬೇಕಾದ್ದು ಮೂರು. ವೇಗದ ಗೆರೆ ಎಲ್ಲಿ ಕೆಳಕ್ಕೆ ಬಗ್ಗಿತು, ತಳ ಎಷ್ಟಕ್ಕೆ ಮುಟ್ಟಿತು, ತಳದಿಂದ ಮತ್ತೆ ಎಲ್ಲಿ ಮೇಲೇಳಲು ಶುರುಮಾಡಿತು. ಹೊಸಬರೆಲ್ಲರ ಕಣ್ಣು ಮೊದಲನೆಯದರ ಮೇಲೆ. 'ಇನ್ನೂ ತಡವಾಗಿ ಬ್ರೇಕ್ ಹಾಕಬೇಕು' ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. 140ರಿಂದ 80ಕ್ಕೆ ಇಳಿಯಬೇಕು. 0.6 ಜಿ (ಜಿ ಅಂದರೆ ಗುರುತ್ವಾಕರ್ಷಣೆಯ ಸೆಳೆತಕ್ಕೆ ಹೋಲಿಸಿದ ಅಳತೆ) ಬ್ರೇಕಿಂಗಿನಲ್ಲಿ ಸುಮಾರು 86 ಮೀಟರ್ ಬೇಕು. ಧೈರ್ಯ ಮಾಡಿ 0.9 ಜಿ ಒತ್ತಿದರೆ, ಅದು ರಸ್ತೆ ಟೈರಿನ ಮಿತಿಯ ಹತ್ತಿರ, 58 ಮೀಟರಿನಲ್ಲಿ ಮುಗಿಯುತ್ತದೆ. 28 ಮೀಟರ್ ತಡವಾಗಿ ಬ್ರೇಕ್! ಕೇಳಲು ಭಾರೀ. ಗಳಿಸಿದ ಸಮಯ? ಸುಮಾರು 0.2 ಸೆಕೆಂಡ್.

ಈಗ ಅದೇ ತಿರುವಿನಿಂದ ಹೊರಬರುವಾಗ 80ರ ಬದಲು 84ರಲ್ಲಿ ಬಂದಿರಿ ಎನ್ನಿ. ಮುಂದೆ 400 ಮೀಟರ್ ನೇರ ದಾರಿ, ಕಾರಿನ ವೇಗ ಪ್ರತಿ ಸೆಕೆಂಡಿಗೂ ಸರಾಸರಿ ಗಂಟೆಗೆ 5.4 ಕಿ.ಮೀ.ನಷ್ಟು ಏರುತ್ತದೆ. ಆ ನೇರ ದಾರಿ ಮುಗಿಯುವಷ್ಟರಲ್ಲಿ ಉಳಿಯುವುದು ಸುಮಾರು 0.33 ಸೆಕೆಂಡ್. ಪ್ರಾಣ ಕೈಯಲ್ಲಿ ಹಿಡಿದು ಬ್ರೇಕ್ ಹಾಕಿದ್ದಕ್ಕಿಂತ ಹೆಚ್ಚು! ಅದೂ ಬರೀ ನಾಲ್ಕು ಕಿಲೋಮೀಟರ್ ವೇಗದ ವ್ಯತ್ಯಾಸಕ್ಕೆ. ತಡವಾದ ಬ್ರೇಕ್ ತಪ್ಪಿದರೆ ಕಾರು ಮಣ್ಣಿಗೆ. ತಿರುವಿನ ಹೊರದಾರಿ ಸ್ವಲ್ಪ ತಪ್ಪಿದರೆ ಹೆಚ್ಚಿನ ಸಲ ಥ್ರಾಟಲ್ ಸಡಿಲಿಸಿದರೆ ಸಾಕು.

ಗ್ರಾಫಿನಲ್ಲಿ ಇದು ಹೀಗೆ ಕಾಣುತ್ತದೆ. ತಡವಾಗಿ ಬ್ರೇಕ್ ಹಾಕಿದ ಲ್ಯಾಪಿನಲ್ಲಿ ಡೆಲ್ಟಾ ಮೊದಲು ನಿಮ್ಮ ಪರವಾಗಿ ಸ್ವಲ್ಪ ಇಳಿಯುತ್ತದೆ. ಗಾಬರಿಯಲ್ಲಿ ಕಾರು ತಿರುವಿನ ಹೊರ ಅಂಚಿನ ಕಡೆಗೆ ಸರಿಯುತ್ತದೆ, ತಳದ ವೇಗದಲ್ಲೇ ಗೆರೆ ಉದ್ದಕ್ಕೂ ಚಪ್ಪಟೆಯಾಗಿ ಮಲಗುತ್ತದೆ, ಥ್ರಾಟಲ್ ತಡವಾಗುತ್ತದೆ. ಆಮೇಲೆ ಇಡೀ ನೇರ ದಾರಿಯಲ್ಲಿ ಡೆಲ್ಟಾ ನಿಮ್ಮ ವಿರುದ್ಧ ಏರುತ್ತಲೇ ಹೋಗುತ್ತದೆ. ಸೀಟಿನಲ್ಲಿ ಕೂತಾಗ ಅದೇ ಲ್ಯಾಪ್ ಅತಿ ವೇಗದ್ದು ಅನ್ನಿಸಿರುತ್ತದೆ. ಡೇಟಾ ಬೇಕಾಗುವುದು ಇಲ್ಲಿಗೇ: ಮೈ ಹೇಳಿದ್ದನ್ನು ನಂಬಬಾರದ ಜಾಗಗಳನ್ನು ಹುಡುಕಲಿಕ್ಕೆ.

ಜಿ ಅಂಕಿಗಳನ್ನು ಬ್ರೇಕ್ ಒಂದು ಕಡೆ, ತಿರುವು ಇನ್ನೊಂದು ಕಡೆ ಇಟ್ಟು ವೃತ್ತದಲ್ಲಿ ತೋರಿಸುವ ಚಿತ್ರವೂ ಆ್ಯಪಿನಲ್ಲಿರುತ್ತದೆ. ಟೈರಿನ ಹಿಡಿತ ತಿಂಗಳ ಸಂಬಳವಿದ್ದ ಹಾಗೆ, ಬ್ರೇಕಿಗೆ ಪೂರ್ತಿ ಖರ್ಚು ಮಾಡಿದರೆ ತಿರುಗಲಿಕ್ಕೆ ಉಳಿಯುವುದಿಲ್ಲ. ಹೊಸಬರ ಚಿತ್ರ ಸಾಮಾನ್ಯವಾಗಿ ಕೂಡುವ ಚಿಹ್ನೆಯಂತಿರುತ್ತದೆ. ಮೊದಲು ಬ್ರೇಕ್, ಪೂರ್ತಿ ಬಿಟ್ಟು ಆಮೇಲೆ ತಿರುವು. ಅನುಭವಿಗಳದ್ದು ಬ್ರೇಕನ್ನು ನಿಧಾನವಾಗಿ ಬಿಡುತ್ತ ತಿರುಗುವುದರಿಂದ ಅಂಚು ದುಂಡಗಾಗುತ್ತದೆ. ಅದನ್ನು ಮೊದಲ ವರ್ಷವೇ ಅನುಕರಿಸಲು ಹೋಗಬೇಡಿ. ಕೂಡುವ ಚಿಹ್ನೆಯೇ ಸುರಕ್ಷಿತ.

ನಂಬಬಾರದ್ದೂ ಒಂದಿದೆ. ಆ್ಯಪ್ ನಕ್ಷೆಯ ಮೇಲೆ ನಿಮ್ಮ ದಾರಿಯನ್ನು ಚೆಂದವಾಗಿ ಬಿಡಿಸುತ್ತದೆ. ಜಿಪಿಎಸ್ ವೇಗ ಬಲು ನಿಖರ. ಸ್ಥಾನ ಅಷ್ಟಲ್ಲ, ಒಂದೆರಡು ಮೀಟರ್ ಆಚೀಚೆ ಆಗುತ್ತದೆ. ತಿರುವಿನ ಒಳ ಅಂಚನ್ನು ಮುಟ್ಟಿದಿರೋ ಒಂದು ಮೀಟರ್ ದೂರ ಹೋದಿರೋ ಅದರಿಂದ ಗೊತ್ತಾಗದು. ಅದಕ್ಕೆ ಒಂದು ಕ್ಯಾಮೆರಾ ಬೇಕು, ಡ್ಯಾಶ್‌ಕ್ಯಾಮ್ ಆದರೂ ನಡೆಯುತ್ತದೆ.

ಇನ್ನೂ ಅಗ್ಗದ ಮೇಷ್ಟ್ರು ಬೇಕೆಂದರೆ, ಅದೇ ದಿನ ನಿಮ್ಮಂಥದೇ ಕಾರು ತಂದು ನಿಮಗಿಂತ ಮೂರು ಸೆಕೆಂಡ್ ವೇಗವಾಗಿ ಹೋದವರನ್ನು ಪ್ಯಾಡಕ್‌ನಲ್ಲಿ ಹುಡುಕಿ. 'ಸರ್, ನಿಮ್ಮ ಲ್ಯಾಪ್ ಫೈಲ್ ಕಳಿಸ್ತೀರಾ?' ಎಂದು ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ, ಬಹಳಷ್ಟು ಜನ ಪಕ್ಕದಲ್ಲೇ ಕೂತು ವಿವರಿಸುತ್ತಾರೆ. ಗ್ರಾಫ್ ಮೇಲೆ ಗ್ರಾಫ್ ಇಟ್ಟು ಎರಡು ತಿರುವು ಮಾತ್ರ ಆರಿಸಿಕೊಳ್ಳಿ, ಮುಂದಿನ ಸೆಷನ್ನಿನಲ್ಲಿ ಅವೆರಡನ್ನು ಬಿಟ್ಟು ಬೇರೇನೂ ಬದಲಿಸಬೇಡಿ. ಎಲ್ಲ ತಿರುವನ್ನೂ ಒಟ್ಟಿಗೆ ಸರಿಪಡಿಸಲು ಹೋದರೆ ಯಾವುದರಿಂದ ಏನಾಯಿತು ಎಂದು ಗ್ರಾಫೂ ಹೇಳಲಾರದು.

ಕೊಯಮತ್ತೂರಿಗೇ ಹೋಗುವುದಾದರೆ ಒಂದು ಎಚ್ಚರ. ಸತ್ಯಮಂಗಲಂ ದಾರಿಯಲ್ಲಿ ಹೋದರೆ 27 ಹೇರ್‌ಪಿನ್‌ಗಳ ದಿಂಬಂ ಘಾಟಿ ಇಳಿಯಬೇಕು. ಅದು ಹುಲಿ ಸಂರಕ್ಷಿತಾರಣ್ಯ, ಅಭ್ಯಾಸದ ಜಾಗವಲ್ಲ. ರಾತ್ರಿ ಸಂಚಾರಕ್ಕೆ ಅಲ್ಲಿ ನಿರ್ಬಂಧವೂ ಇದೆ, ಆದ್ದರಿಂದ ಸಂಜೆ ಸೆಷನ್ ಮುಗಿಸಿ ಹೊರಡುವ ಯೋಜನೆ ಬೇಡ, ರಾತ್ರಿ ಅಲ್ಲೇ ಉಳಿಯಿರಿ. ಬೆಳಗ್ಗೆ ಹೊರಡುವ ಮುನ್ನ ವೀಲ್ ನಟ್ಟುಗಳನ್ನು ಬಿಗಿ ನೋಡಿ, ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಪೆಡಲ್ ಹಿಂದಿನ ದಿನಕ್ಕಿಂತ ಮೆತ್ತಗೆ ಅನ್ನಿಸಿದರೆ ಬ್ರೇಕ್ ಆಯಿಲ್ ಅಲ್ಲೇ ಬದಲಿಸಿಕೊಂಡು ಬನ್ನಿ.