ಮುರಿದ ಹಲ್ಲಿನ ಚೂರು ಒಣಗದಿರಲಿ

"ಡಾಕ್ಟ್ರೇ, ಅಂಟಿಸಿದ ಹಲ್ಲು ಗಟ್ಟಿಯಾಗಿ ನಿಲ್ಲುತ್ತಾ?" ಮಗುವಿನ ಮುಂದಿನ ಹಲ್ಲು ಮುರಿದಾಗ ಹಾಸನದ ನಮ್ಮ ಕ್ಲಿನಿಕ್‌ಗೆ ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಇದನ್ನೇ. ನಿಲ್ಲುತ್ತದೆ. ಎಷ್ಟು ಗಟ್ಟಿ ಎನ್ನುವುದು ಮಾತ್ರ ನನ್ನ ಕೆಲಸದ ಜೊತೆಗೆ ನೀವು ಚೂರನ್ನು ಹೇಗೆ ತಂದಿರಿ ಎನ್ನುವುದರ ಮೇಲೂ ಇದೆ.

ಹೆಚ್ಚಿನವರು ಅದನ್ನು ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡೋ ಕಾಗದದಲ್ಲಿ ಸುತ್ತಿಕೊಂಡೋ ತರುತ್ತಾರೆ. ಅರಸೀಕೆರೆಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಚೂರು ಹೊಳಪು ಕಳೆದುಕೊಂಡು ಬೆಳ್ಳಗೆ ಬಿಳಿಚಿರುತ್ತದೆ. ಒಣಗಿದ ಗುರುತು ಅದು. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್. ಅದರ ಕೆಳಗಿನ ಡೆಂಟಿನ್ ಎಂಬ ಪದರದಲ್ಲಿ ನೀರೂ ಇದೆ, ಕೊಲಾಜೆನ್ ಎಂಬ ನಾರೂ ಇದೆ. ನೀರು ಆರಿದರೆ ನಾರು ಕುಸಿಯುತ್ತದೆ. ಆಗ ಬಾಂಡಿಂಗ್ ದ್ರವ, ಅಂದರೆ ಅಂಟು, ಒಳಗೆ ಇಳಿಯಲು ಜಾಗವೇ ಸಿಗುವುದಿಲ್ಲ. ಅಂಥ ಚೂರನ್ನು ಹಾಗೇ ಅಂಟಿಸಿದರೆ ಬಲವೂ ಕಡಿಮೆ, ಬಣ್ಣವೂ ಹೊಂದುವುದಿಲ್ಲ.

ಅದಕ್ಕೇ ಚೂರು ಕೈಗೆ ಬಂದ ಕೂಡಲೇ 20 ನಿಮಿಷ ನೀರಿನಲ್ಲಿ ಅಥವಾ ಸಲೈನ್‌ನಲ್ಲಿ ನೆನೆಸುತ್ತೇನೆ. ಹಲ್ಲಿನ ಗಾಯಗಳ ಬಗ್ಗೆ 2020ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಅಳುವ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡವರಿಗೆ, ಸುಮ್ನೆ ಕಾಯಿಸ್ತಿದ್ದಾರೆ ಅನ್ನಿಸಬಹುದು. ಆದರೂ ಆ ಹೊತ್ತನ್ನು ನಾನು ಕಡಿಮೆ ಮಾಡುವುದಿಲ್ಲ.

ಆಮೇಲೆ ಚೂರಿಗೂ ಬಾಯಲ್ಲಿ ಉಳಿದ ಹಲ್ಲಿಗೂ ಫಾಸ್ಫರಿಕ್ ಆಮ್ಲದ ಜೆಲ್ ಹಚ್ಚುತ್ತೇವೆ. ಹಿಂದೆ ಸವೆದ ಒರಳುಕಲ್ಲನ್ನು ಉಳಿಯಿಂದ ಕುಟ್ಟಿಸಿ ಒರಟು ಮಾಡಿಸುತ್ತಿದ್ದರಲ್ಲ, ಎನಾಮಲ್‌ಗೆ ಆಮ್ಲ ಮಾಡುವುದೂ ಅದನ್ನೇ. ಕಣ್ಣಿಗೆ ಕಾಣದ ಆ ಒರಟಿನಲ್ಲಿ ಅಂಟು ಹಿಡಿದುಕೊಳ್ಳುತ್ತದೆ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುವೊನೊಕೋರ್ ಇದನ್ನು ತೋರಿಸಿಕೊಟ್ಟರು. ಚೂರನ್ನು ಕೂಡಿಸಿ ನೀಲಿ ಬೆಳಕು ಹಾಯಿಸಿದರೆ ಅಂಟು ಗಟ್ಟಿಯಾಗುತ್ತದೆ.

ಅಲ್ಲಿಗೇ ನಿಲ್ಲಿಸಿದರೆ ಸಾಲದು. ಬರೀ ಅಂಟಿಸಿದ ಹಲ್ಲಿಗೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ, ಮೂಲ ಹಲ್ಲಿನ ಅರ್ಧದ ಆಸುಪಾಸಿನಷ್ಟೇ ಬಲ ಕಂಡಿದೆ. ಹಾಗಾಗಿ ಕೂಡಿದ ಗೆರೆಯ ಉದ್ದಕ್ಕೂ ಹೊರಗಡೆ ತೆಳುವಾಗಿ ಕೆರೆದು ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ಫಿಲ್ಲಿಂಗ್ ತುಂಬಬಹುದು, ಅಥವಾ ಅಂಟಿಸುವ ಮೊದಲೇ ಒಳಗೆ ಸಣ್ಣ ಕಾಲುವೆ ಕೊರೆಯಬಹುದು. ಹೀಗೆ ಮಾಡಿದಾಗ ಕೆಲವು ಪರೀಕ್ಷೆಗಳಲ್ಲಿ ಬಲ ಶೇ 90ರ ಹತ್ತಿರ ಬಂದಿದೆ. ಗೆರೆಯೂ ಮರೆಯಾಗುತ್ತದೆ. ಹತ್ತು ವರ್ಷದ ಮಗುವಿನ ಹಲ್ಲಿಗೆ ಕ್ಯಾಪ್ ಹಾಕುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ನೀವು ಮಾಡಬೇಕಾದ್ದು ಇಷ್ಟೇ. ಚೂರು ಹುಡುಕಿ. ತುಟಿ ಕೊಯ್ದಿದ್ದು ಚೂರು ಸಿಗದಿದ್ದರೆ ಹೇಳಿ, ಅದು ತುಟಿಯೊಳಗೇ ಸಿಕ್ಕಿಕೊಂಡಿರಬಹುದು, ಎಕ್ಸ್-ರೇಯಲ್ಲಿ ಗೊತ್ತಾಗುತ್ತದೆ. ಸಿಕ್ಕಿದ ಚೂರನ್ನು ಹಾಲಿಗೋ ನೀರಿಗೋ ಹಾಕಿ ತನ್ನಿ. ಸೂಪರ್‌ಗ್ಲೂ ಹಾಕಿ ಅಂಟಿಸಲು ಹೋಗಬೇಡಿ. ಬೇರು ಸಮೇತ ಇಡೀ ಹಲ್ಲೇ ಕಿತ್ತು ಬಂದರೆ ಅದಕ್ಕೆ ಹಾಲೇ ಬೇಕು, ನೀರು ಬೇಡ. ಆಗ ಒಂದೊಂದು ನಿಮಿಷವೂ ಮುಖ್ಯ.

ಅಂಟಿಸಿದ ಮೇಲೆ ಕಬ್ಬು, ಚಕ್ಕುಲಿ, ಸೀಬೆಕಾಯಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಬಾರದು, ತುಂಡು ಮಾಡಿ ದವಡೆ ಹಲ್ಲಲ್ಲಿ ಅಗಿಯಲಿ. ಮತ್ತೆ ಪೆಟ್ಟು ಬಿದ್ದರೆ ಚೂರು ಬಿಟ್ಟುಕೊಳ್ಳಬಹುದು. ಆಗಲೂ ಅದನ್ನು ಒದ್ದೆಯಾಗಿಯೇ ತನ್ನಿ, ಬಹಳ ಸಲ ಮತ್ತೆ ಅಂಟಿಸಬಹುದು. ಹಲ್ಲು ನೋಯದಿದ್ದರೂ 6ರಿಂದ 8 ವಾರ ಕಳೆದ ಮೇಲೆ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ತೋರಿಸಿ. ಪೆಟ್ಟು ತಿಂದ ಹಲ್ಲಿನ ನರ ನೋವಿಲ್ಲದೆಯೇ ಸತ್ತಿರಬಹುದು. ಅದನ್ನು ಕಂಡುಹಿಡಿಯಲು ಪರೀಕ್ಷೆಯೂ ಎಕ್ಸ್-ರೇಯೂ ಬೇಕು.