ಯಾವ ತೊಂದರೆಯೂ ಇಲ್ಲ, ಆದರೂ ತಪಾಸಣೆ ಬೇಕೇ?

ಪ್ರಶ್ನೆ: ನನಗೆ 38 ವರ್ಷ. ಮುಟ್ಟು ಸರಿಯಾಗಿ ಬರುತ್ತದೆ, ನೋವಿಲ್ಲ, ಸುಸ್ತಿಲ್ಲ. ಮನೆಯಲ್ಲಿ 12ರ ಮಗಳು, 66ರ ತಾಯಿ ಇದ್ದಾರೆ. ಚೆನ್ನಾಗಿರುವವರೂ ತಪಾಸಣೆ ಮಾಡಿಸಿಕೊಳ್ಳಬೇಕೇ? ಯಾರಿಗೆ ಯಾವುದು?

ಉತ್ತರ: ಮಾಡಿಸಿಕೊಳ್ಳಬೇಕು. ಇವು ಚೆನ್ನಾಗಿರುವಾಗಲೇ ಮಾಡಿಸುವ ಪರೀಕ್ಷೆಗಳು. ಸ್ತನದಲ್ಲಿ ಗಂಟು ಕಂಡರೆ, ಸಂಭೋಗದ ನಂತರ ರಕ್ತ ಕಾಣಿಸಿದರೆ ವಯಸ್ಸು, ಅವಧಿ ಎಂದು ಲೆಕ್ಕ ಹಾಕುತ್ತ ಕೂರಬಾರದು, ಆ ವಾರವೇ ವೈದ್ಯರಲ್ಲಿಗೆ ಹೋಗಬೇಕು. ಇನ್ನೊಂದು ಮಾತು: ನಿಜಕ್ಕೂ ಬೇಕಾದ ಪರೀಕ್ಷೆಗಳು ಕೆಲವೇ. ಹತ್ತಾರು ಅಂಶಗಳನ್ನು ಅಳೆಯುವ ‘ಫುಲ್ ಬಾಡಿ ಚೆಕಪ್’ನಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿರುವುದುಂಟು. ಗರ್ಭಕಂಠದ (ಗರ್ಭಕೋಶದ ಕೆಳತುದಿಯ) ಸ್ಥಿತಿಯನ್ನು ರಕ್ತದ ಸ್ಯಾಂಪಲ್ ಹೇಳುವುದಿಲ್ಲ.

ನಿಮ್ಮ ವಯಸ್ಸಿನಲ್ಲಿ ಮೊದಲು ಬೇಕಾದದ್ದು ಅದೇ, ಗರ್ಭಕಂಠದ ತಪಾಸಣೆ. ಈ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಕಾರಣ ಎಚ್‌ಪಿವಿ ವೈರಸ್. ಸೋಂಕು ತಗುಲಿದ ಹೆಚ್ಚಿನವರಲ್ಲಿ ಅದು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಜೀವಕೋಶಗಳನ್ನು ಬದಲಿಸುತ್ತದೆ. ಆ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟೂ ಕಾಲ ನೋವಿಲ್ಲ, ಸ್ರಾವವಿಲ್ಲ, ಏನೂ ಗೊತ್ತಾಗುವುದಿಲ್ಲ. ಆದರೆ ಪರೀಕ್ಷೆಗೆ ಸಿಗುತ್ತದೆ. ಆ ಹಂತದಲ್ಲಿ ಸಿಕ್ಕರೆ, ಬದಲಾದ ಭಾಗವನ್ನಷ್ಟೇ ಶಾಖದಿಂದ ಸುಡಬಹುದು ಅಥವಾ ತೆಳುವಾಗಿ ಕತ್ತರಿಸಿ ತೆಗೆಯಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು, ಗರ್ಭಕೋಶಕ್ಕೆ ಕೈಹಚ್ಚುವುದಿಲ್ಲ.

30 ವರ್ಷದಿಂದ 5–10 ವರ್ಷಕ್ಕೊಮ್ಮೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಸಿಗದ ಕಡೆ 3 ವರ್ಷಕ್ಕೊಮ್ಮೆ ಪ್ಯಾಪ್ ಸ್ಮಿಯರ್. ಎಚ್‌ಐವಿ ಇರುವವರು 25ಕ್ಕೇ ಶುರುಮಾಡಿ, 3–5 ವರ್ಷಕ್ಕೊಮ್ಮೆ ಮಾಡಿಸಬೇಕು. ಪ್ಯಾಪ್ ಮಾಡುವಾಗ ಯೋನಿಯನ್ನು ತುಸು ತೆರೆದಿಡುವ ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು, ಗರ್ಭಕಂಠದ ಬಾಯಿಗೆ ಪುಟ್ಟ ಬ್ರಷ್ ತಾಗಿಸಿ ತಿರುಗಿಸಿ ಜೀವಕೋಶ ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಉಸಿರನ್ನು ನಿಧಾನವಾಗಿ ಹೊರಬಿಟ್ಟು ಸೊಂಟ ಸಡಿಲ ಬಿಟ್ಟರೆ ಒತ್ತಡ ಕಡಿಮೆ ಅನ್ನಿಸುತ್ತದೆ. ನೋವಾದರೆ ನಿಲ್ಲಿಸಿ ಎನ್ನಿ, ಚಿಕ್ಕ ಅಳತೆಯ ಸ್ಪೆಕ್ಯುಲಮ್ ಕೇಳಿ. ಅದೇ ಬೇಡವೆನ್ನುವವರು ಎಚ್‌ಪಿವಿ ಪರೀಕ್ಷೆಗೆ ಸ್ವ್ಯಾಬ್‌ನಿಂದ ಸ್ಯಾಂಪಲ್ಲನ್ನು ತಾವೇ ತೆಗೆದುಕೊಡುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಬಹುದು.

ಕೆಡುವುದು ಎಲ್ಲಿ? ಮುಟ್ಟಿನ ದಿನಗಳಲ್ಲಿ ಪ್ಯಾಪ್ ಮಾಡಿಸಿದರೆ ರಕ್ತವೇ ಜೀವಕೋಶಗಳನ್ನು ಮುಚ್ಚಿಬಿಡುತ್ತದೆ. ಹಿಂದಿನ 48 ಗಂಟೆ ಯೋನಿಯೊಳಗೆ ಕ್ರೀಮು, ಮಾತ್ರೆ ಇಡಬಾರದು, ಒಳಗೆ ನೀರು ಹಾಯಿಸಿ ತೊಳೆಯಬಾರದು, ಸಂಭೋಗವೂ ಬೇಡ. ವರದಿಯಲ್ಲಿ ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಎಂದಿದ್ದರೆ ಸ್ಯಾಂಪಲ್ ಸಾಲಲಿಲ್ಲ ಎಂದಷ್ಟೇ ಅರ್ಥ, ಮತ್ತೆ ಕೊಡಬೇಕು. ಎಚ್‌ಪಿವಿ ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ. ಅದು ಗಂಡನ ಮೇಲಾಗಲಿ ಹೆಂಡತಿಯ ಮೇಲಾಗಲಿ ಅನುಮಾನಪಡಲು ಆಧಾರವೂ ಅಲ್ಲ, ಏಕೆಂದರೆ ವೈರಸ್ ಸದ್ದಿಲ್ಲದೆ ವರ್ಷಗಟ್ಟಲೆ ಒಳಗಿರಬಲ್ಲದು. ಮಾಡಿಸಿ, ವರದಿ ತರದೆ ಬಿಡುವುದು ಎಲ್ಲಕ್ಕಿಂತ ದೊಡ್ಡ ನಷ್ಟ.

ಬಿಪಿಯನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟದಲ್ಲಿರುವಂತೆ ಇಟ್ಟ ಮೇಲೆ ಅಳೆಯಬೇಕು. ಕಾಲ ಮೇಲೆ ಕಾಲು ಹಾಕಿದ್ದರೆ, ಮೂತ್ರ ತಡೆದುಕೊಂಡಿದ್ದರೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸಿಕೊಳ್ಳುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಶುಗರ್ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಬಸುರಿಯಾಗಿದ್ದಾಗ ಶುಗರ್ ಇತ್ತೇ? ಹೆರಿಗೆಯ ಬಳಿಕ ಅದು ಇಳಿದರೂ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು. ಅಂಥವರು ಬಾಣಂತನದಲ್ಲಿ 4–12 ವಾರದ ನಡುವೆ ಒಮ್ಮೆ, ಆಮೇಲೆ ಜೀವನಪೂರ್ತಿ 1–3 ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಮಿಲಿಗ್ರಾಂ ಬಂದರೆ ಅದು ಎಚ್ಚರಿಕೆಯ ಹಂತ. 126 ಅಥವಾ ಅದಕ್ಕಿಂತ ಹೆಚ್ಚು ಬಂದದ್ದು ಇನ್ನೊಂದು ಪರೀಕ್ಷೆಯಲ್ಲೂ ಖಚಿತವಾದರೆ ಮಧುಮೇಹ.

ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸುವ ವಯಸ್ಸು ನಿಮಗೆ ಇನ್ನೆರಡು ವರ್ಷದಲ್ಲಿ ಬರಬಹುದು. ಕೆಲವು ದೇಶಗಳಲ್ಲಿ 40ಕ್ಕೆ, ಕೆಲವೆಡೆ 50ಕ್ಕೆ ಶುರುಮಾಡಿ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಮಾಡುತ್ತಾರೆ. ತಾಯಿಗೋ ಅಕ್ಕತಂಗಿಯರಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಈಗಲೇ ವೈದ್ಯರಿಗೆ ಹೇಳಿ. ಮ್ಯಾಮೋಗ್ರಾಂ ಮಾಡಿಸುವ ದಿನ ಪೌಡರ್, ಡಿಯೋಡರೆಂಟ್ ಹಚ್ಚಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಂಡು, ಇಲ್ಲದ ಗಾಬರಿ ಹುಟ್ಟಿಸುತ್ತವೆ. ಮುಟ್ಟು ಮುಗಿದ ವಾರದಲ್ಲಿ ಹೋದರೆ ಒತ್ತಿದಾಗ ನೋವು ಕಡಿಮೆ. ಹಳೆಯ ಚಿತ್ರಗಳಿದ್ದರೆ ಒಯ್ಯಿರಿ. ಆದರೆ ಲಕ್ಷಣವೂ ಇಲ್ಲದೆ, ಮನೆತನದ ಹಿನ್ನೆಲೆಯೂ ಇಲ್ಲದೆ ಅಂಡಾಶಯದ ಕ್ಯಾನ್ಸರ್ ಹುಡುಕಲೆಂದು ಸಿಎ-125 ಎಂಬ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಬೇಡಿ. ಅದರಿಂದ ಜೀವ ಉಳಿಯುವುದು ಸಾಬೀತಾಗಿಲ್ಲ. ಬೇಡದ ಶಸ್ತ್ರಚಿಕಿತ್ಸೆಗೆ ದಾರಿಯಾಗುತ್ತದೆ.

ಮಗಳಿಗೆ ಪ್ಯಾಪ್ ಬೇಡ. ಅವಳಿಗೆ ಬೇಕಾದದ್ದು ಎಚ್‌ಪಿವಿ ಲಸಿಕೆ. 9ರಿಂದ 14 ವರ್ಷ ಅದಕ್ಕೆ ತಕ್ಕ ಕಾಲ. ದೇಶದ ನಿಯಮದಂತೆ ಒಂದು ಅಥವಾ ಎರಡು ಡೋಸ್ ಕೊಡುತ್ತಾರೆ. ಮುಟ್ಟು ಶುರುವಾಗಿದ್ದು, ಏಳು ದಿನ ಮೀರಿ ಹೋಗುತ್ತಿದ್ದರೆ ಅಥವಾ ಒಂದೆರಡು ಗಂಟೆಗೊಮ್ಮೆ ಪ್ಯಾಡ್ ತೊಯ್ಯುತ್ತಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ.

ತಾಯಿಗೆ ಈಗ ಮೂಳೆಯ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಾದ ವಯಸ್ಸು. ಅದರ ವರದಿಯಲ್ಲಿ ಮೂಳೆಯ ಸಾಂದ್ರತೆ ಹೇಳುವ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಫಿಟ್ ಪರೀಕ್ಷೆ, ಮ್ಯಾಮೋಗ್ರಾಂ ಎರಡನ್ನೂ ವಿಚಾರಿಸಿ. ಗರ್ಭಕಂಠದ ತಪಾಸಣೆಯನ್ನು 65ರ ನಂತರ ನಿಲ್ಲಿಸುವುದು ಹಿಂದಿನವೆಲ್ಲ ಸರಿಯಿದ್ದವರಿಗೆ. ಒಮ್ಮೆಯೂ ಮಾಡಿಸದಿದ್ದರೆ ಈಗಲೂ ಮಾಡಿಸಬೇಕು. ಗರ್ಭಕೋಶ ತೆಗೆಸಿದ್ದರೆ, ಗರ್ಭಕಂಠವನ್ನೂ ತೆಗೆದಿದ್ದಾರೆಯೇ ಎಂದು ಹಳೆಯ ಡಿಸ್ಚಾರ್ಜ್ ಕಾಗದದಲ್ಲಿ ನೋಡಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಬಟ್ಟೆಯಲ್ಲಿ ಒಂದು ತೊಟ್ಟು ರಕ್ತ ಕಂಡರೂ ಮುಂದಿನ ತಪಾಸಣೆಗೆ ಕಾಯದೆ ಕರೆದೊಯ್ಯಿರಿ. ಎಷ್ಟೋ ತಾಯಂದಿರು ಸಂಕೋಚದಿಂದ ಅದನ್ನು ಹೇಳುವುದಿಲ್ಲ, ನೀವೇ ಕೇಳಿ.